ಮಂಜಿಗೆ ಹೊದಿಸಿದ ಕಂಬಳಿ

ಮೊನ್ನೆ ಭಾನುವಾರ ಫೋನಿನಲ್ಲಿ ಊರಿನ ಮಳೆ, ಪಕ್ಕದ ಮನೆ ಮದುವೆ, ನನ್ನ ಮಗನ ಕೆಮ್ಮು ಎಲ್ಲ ಮಾತಾಡಿ ಮುಗಿಸಿ, ಇನ್ನೇನು ಇಡಬೇಕು ಅನ್ನುವಾಗ ಅಮ್ಮ ಕೇಳಿದಳು: "ಅಲ್ಲ ಕಣೆ, ಆ ಮಂಜಿಗೆ ಈ ವರ್ಷಾನೂ ಕಂಬಳಿ ಹೊದಿಸಿದಾರಾ?"

ನನಗೆ ಗೊತ್ತಿರಲಿಲ್ಲ. ಅಮ್ಮ ಕೇಳಿದ್ದು ಸ್ವಿಟ್ಜರ್ಲೆಂಡಿನ ರೋನ್ ಹಿಮನದಿಯ ಬಗ್ಗೆ, ಬೆಟ್ಟದ ಮೇಲಿಂದ ನಿಧಾನವಾಗಿ ಸರಿಯುವ ಮಂಜುಗಡ್ಡೆಯ ರಾಶಿ. ಜ್ಯೂರಿಕ್‌ನ ನಮ್ಮ ಮನೆಯಿಂದ ಆ ಜಾಗ ಕಾರಿನಲ್ಲಿ ಎರಡು ಗಂಟೆಯ ದಾರಿ. ಆದರೂ 2019ರ ಆಗಸ್ಟ್ ಆದಮೇಲೆ ನಾನು ಆ ಕಡೆ ಹೋಗೇ ಇಲ್ಲ. ಚಳ್ಳಕೆರೆಯಲ್ಲಿ ಕೂತ ಅಮ್ಮ ಮಾತ್ರ ಅದನ್ನು ಇನ್ನೂ ವಿಚಾರಿಸುತ್ತಿದ್ದಾಳೆ.

ಆ ಸಲ ನನ್ನ ಗಂಡ ಹಾಕಿದ ಯೋಜನೆ ದೊಡ್ಡದಿತ್ತು. ಸುಸ್ಟೆನ್, ಫುರ್ಕಾ, ಗ್ರಿಮ್ಸೆಲ್, ಬೆಟ್ಟ ದಾಟುವ ಈ ಮೂರು ದಾರಿಗಳನ್ನೂ ಒಂದೇ ದಿನದಲ್ಲಿ ಸುತ್ತಿ ಬರುವುದು. ಮೂರೂ 2,000 ಮೀಟರ್‌ಗಿಂತ ಎತ್ತರ. ಬೈಕಿನವರು ಖುಷಿಯಿಂದ ಮಾಡುತ್ತಾರೆ. ಎಪ್ಪತ್ತರ ಹತ್ತಿರದ ಅಮ್ಮನನ್ನೂ ಐದು ವರ್ಷದ ಮಗುವನ್ನೂ ಹಿಂದೆ ಕೂರಿಸಿಕೊಂಡು ಅಷ್ಟೊಂದು ತಿರುವು ಹತ್ತಿ ಇಳಿಯುವುದು ತಪ್ಪು ಅಂತ ನಾನು ಅವತ್ತೂ ಹೇಳಿದ್ದೆ, ಇವತ್ತೂ ಹೇಳುತ್ತೇನೆ. ಬೆಟ್ಟ ನೋಡುವುದಕ್ಕೆ ಕಾರು ನಿಲ್ಲಿಸಬೇಕು, ಇಳಿದು ನಡೆಯಬೇಕು.

ಫುರ್ಕಾ ದಾಟಿ ಸ್ವಲ್ಪ ಇಳಿದರೆ ತಿರುವಿನಲ್ಲೇ ಹೋಟೆಲ್ ಬೆಲ್ವೆಡೇರ್ ಸಿಗುತ್ತದೆ. 1882ರಲ್ಲಿ ತೆರೆದದ್ದು, ನಾವು ಹೋಗುವ ಹೊತ್ತಿಗೆ ಬಾಗಿಲು ಹಾಕಿ ಕೆಲವು ವರ್ಷ ಆಗಿತ್ತು. ಜನ ಅದರ ಫೋಟೋ ತೆಗೆಯುತ್ತಿದ್ದರು. ಒಂದು ಕಾಲದಲ್ಲಿ ರೋನ್ ಹಿಮನದಿ ಅದರ ಪಕ್ಕದಲ್ಲೇ ಇತ್ತಂತೆ. 1850ರ ಸುಮಾರಿಗೆ ಇನ್ನೂ ಕೆಳಗೆ, ಗ್ಲೆಚ್ ಅನ್ನುವ ಜಾಗದ ಬಯಲಿನವರೆಗೂ ಹರಡಿತ್ತು. ಈಗ ಅಲ್ಲೆಲ್ಲ ಬರೀ ಬಂಡೆ. ಮಂಜು ಉಜ್ಜಿ ನುಣುಪಾಗಿಸಿದ ಬೂದು ಬಂಡೆ.

ಅಲ್ಲಿಂದ ಬಂಡೆಗಳ ಮೇಲೆ ಕಾಲುದಾರಿ ಇದೆ. ಸ್ವಿಸ್ ಕಾಲುದಾರಿಯ ಹಳದಿ ಫಲಕಗಳಲ್ಲಿ ಕಿಲೋಮೀಟರ್ ಇರಲ್ಲ, ನಡೆಯಲು ಎಷ್ಟು ಹೊತ್ತು ಬೇಕು ಅಂತ ಬರೆದಿರುತ್ತಾರೆ. ಅಮ್ಮನಿಗೆ ಅದು ತುಂಬಾ ಇಷ್ಟವಾಯಿತು. "ನಮ್ಮ ಅಪ್ಪನೂ ಹಂಗೇ ಹೇಳ್ತಿದ್ರು, ಎಲೆ ಅಡಿಕೆ ಹಾಕ್ಕೊಳ್ಳೋ ಹೊತ್ತಿಗೆ ಊರು ಬರುತ್ತೆ ಅಂತ" ಎಂದಳು. ಮೊಮ್ಮಗನ ಕೈ ಹಿಡಿದು, ಚಪ್ಪಲಿ ಬದಲು ನನ್ನ ಹಳೇ ಶೂ ಹಾಕಿಕೊಂಡು, ನಿಧಾನವಾಗಿ ನಡೆದಳು.

ಹಿಮನದಿಯ ಅಂಚು ಕಂಡಿತು. ನಾನು ನೀಲಿ ಮಂಜು ನೋಡಬೇಕು ಅಂತ ಬಂದವಳು. ಕಂಡದ್ದು ಬಟ್ಟೆ. ದೊಡ್ಡ ದೊಡ್ಡ ಬಿಳಿ ಹೊದಿಕೆಗಳು, ಮಳೆಗೆ ಧೂಳಿಗೆ ಮಾಸಿ ಬೂದು ಬಣ್ಣಕ್ಕೆ ತಿರುಗಿದ್ದವು. ಕೆಲವು ಕಡೆ ಹರಿದು ಜೋತಾಡುತ್ತಿದ್ದವು. ಅದರ ಕೆಳಗಿನಿಂದ ಒಂದೇ ಸಮನೆ ನೀರು ತೊಟ್ಟಿಕ್ಕುವ ಸದ್ದು.

ಮಗ ಕೇಳಿದ: "ಅಜ್ಜೀ, ಮಂಜಿಗೆ ಚಳಿ ಆಗುತ್ತಾ?"

ನಾನು ವಿವರಿಸಲು ಬಾಯಿ ತೆರೆಯುವಷ್ಟರಲ್ಲಿ ಅಮ್ಮ ಹೇಳಿದಳು: "ಚಳಿಗಲ್ಲ ಕಂದ, ಬಿಸಿಲಿಗೆ."

ಇಷ್ಟೇ ಮಾತು. ಭಾನುವಾರದಿಂದ ಇದೇ ತಲೆಯಲ್ಲಿ ಸುತ್ತುತ್ತಿದೆ. ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಕಂಬಳಿ ನೇಯುವ ಸೀಮೆಯಲ್ಲಿ ಬೆಳೆದವಳು. ಏಪ್ರಿಲ್ ಬಿಸಿಲಲ್ಲೂ ಕುರಿ ಕಾಯುವವರು ತಲೆ ಮೇಲೆ ಕಂಬಳಿ ಕೊಪ್ಪೆ ಹಾಕಿಕೊಂಡು ಹೋಗುವುದನ್ನು ನೋಡಿದವಳು. ಮದುವೆ ಮನೆಗೆ ಬರುವ ಐಸ್ ಗಡ್ಡೆಗೆ ಮರದ ಹೊಟ್ಟು ಸುರಿದು ಗೋಣಿ ಸುತ್ತುವುದನ್ನು ನೋಡಿದವಳು. ಹೊದಿಕೆ ಬರೀ ಬೆಚ್ಚಗಿಡಲು ಅಂತ ಅಂದುಕೊಂಡದ್ದು ನಾವು, ರೂಮ್ ಹೀಟರ್ ಪಕ್ಕ ಬದುಕುವವರು.

ನನ್ನ ಗಂಡ ಪಾಪ ಲೆಕ್ಕದ ಮನುಷ್ಯ. "ಅತ್ತೆ, ಈ ಗುಹೆ ಸುತ್ತ ಮಾತ್ರ ಹೊದಿಸಿದಾರೆ. ಇಡೀ ಹಿಮನದಿಗೆ ಆಗೋ ಮಾತಲ್ಲ ಇದು" ಎಂದ. ಅವನು ಹೇಳಿದ್ದು ನಿಜ. ಅಲ್ಲಿ ಮಂಜಿನೊಳಗೆ ಜನ ನಡೆದು ನೋಡಲು ಒಂದು ಗುಹೆ ಕೊರೆಯುತ್ತಿದ್ದರು. 1870ರ ಸುಮಾರಿನಿಂದ ನಡೆದುಬಂದ ಪದ್ಧತಿ. ಮಂಜು ಸರಿಯುತ್ತಲೇ ಇರುವುದರಿಂದ ಪ್ರತಿ ವರ್ಷ ಹೊಸದಾಗಿ ಕೊರೆಯಬೇಕಿತ್ತು. ಆ ಗುಹೆ ಉಳಿಯಲಿ ಅಂತ ಈ ಬಟ್ಟೆ.

ಅಮ್ಮ ಅಳಿಯನಿಗೆ ಎದುರು ಮಾತಾಡುವವಳಲ್ಲ. ಮೆಲ್ಲಗೆ, "ಕೈಗೆ ಎಟುಕಿದಷ್ಟಕ್ಕೆ ಹೊದಿಸಿದಾರೆ ಬಿಡಿ" ಎಂದಳು.

ಆಮೇಲೆ ಅವಳು ಮಾಡಿದ್ದು ನನಗೆ ಮರೆಯಲು ಆಗುತ್ತಿಲ್ಲ. ದಾರಿ ಪಕ್ಕದಲ್ಲೇ ಒಂದು ಹೊದಿಕೆಯ ಮೂಲೆ ಗಾಳಿಗೆ ಎದ್ದು ಮಡಚಿಕೊಂಡಿತ್ತು. ಕೆಳಗಿನ ಮಂಜು ಬಿಸಿಲಿಗೆ ಹೊಳೆಯುತ್ತಿತ್ತು. ಅಮ್ಮ ಬಗ್ಗಿ ಅದನ್ನು ಎಳೆದು ಸರಿಮಾಡಿ, ಒಂದು ಕಲ್ಲು ಹುಡುಕಿ ಮೇಲಿಟ್ಟಳು. ರಾತ್ರಿ ನಾವು ಒದ್ದು ಹಾಕಿದ ಹೊದಿಕೆಯನ್ನು ಕತ್ತಲಲ್ಲಿ ಬಂದು ಸರಿಮಾಡುತ್ತಿದ್ದ ಅದೇ ಕೈ. ಹಿಂದೆ ಬರುತ್ತಿದ್ದವರೊಬ್ಬರು ನಕ್ಕರು. ನನಗೆ ಅವರ ಮೇಲೆ ಸಿಟ್ಟು ಬಂತು. ಆ ಸಿಟ್ಟು ಇನ್ನೂ ಹೋಗಿಲ್ಲ.

ಗುಹೆಯ ನೀಲಿ ಬೆಳಕು ಚೆನ್ನಾಗಿತ್ತು. ಗ್ರಿಮ್ಸೆಲ್‌ ಹೊತ್ತಿಗೆ ಮಗ ವಾಂತಿ ಮಾಡಿದ, ಸುಸ್ಟೆನ್ ಬಿಟ್ಟೆವು.

ಈ ದೇಶದ ಹಿಮನದಿಗಳು 2022 ಮತ್ತು 2023, ಈ ಎರಡೇ ವರ್ಷದಲ್ಲಿ ಹತ್ತರಲ್ಲಿ ಒಂದು ಭಾಗ ಕರಗಿ ಹೋದವು. ಆ ಸುದ್ದಿ ಓದಿದಾಗ ನನಗೆ ಬೇಜಾರಾಗಿತ್ತು. ಬೇಜಾರಾಗಿ, ಸುಮ್ನೆ ಮುಂದಿನ ಸುದ್ದಿಗೆ ಹೋಗಿದ್ದೆ. ನಾವು ನೋಡಿದ ಆ ಮಂಜಿನ ನೀರು ರೋನ್ ನದಿಯಾಗಿ ಜಿನೀವಾ ಸರೋವರ ಸೇರಿ, ಅಲ್ಲಿಂದ ಫ್ರಾನ್ಸ್ ದಾಟಿ ಸಮುದ್ರಕ್ಕೆ ಹೋಗುತ್ತದೆ. ಎಷ್ಟು ಊರು ಅದನ್ನು ನಂಬಿಕೊಂಡಿವೆ! ಇವೆಲ್ಲ ನನಗೆ ಅಂಕಿ ಸಮೇತ ಗೊತ್ತು. ಅಮ್ಮನಿಗೆ ಆ ನದಿಯ ಹೆಸರೂ ನೆನಪಿಲ್ಲ, ಆದರೆ ಕಂಬಳಿ ನೆನಪಿದೆ.

ಫೋನಿನಲ್ಲಿ ನಾನು, "ಮುಂದಿನ ಶನಿವಾರ ಹೋಗಿ ನೋಡ್ಕೊಂಡು ಬರ್ತೀನಮ್ಮ" ಎಂದೆ.

"ಹೋಗು. ತುದಿ ಸರಿಯಾಗಿ ಮುಚ್ಚಿದಾರಾ ನೋಡು. ಇಲ್ಲಾಂದ್ರೆ ಒಂದು ಕಲ್ಲಿಟ್ಟು ಬಾ" ಎಂದಳು.