‘ನಿನಗೂ ಕಾಣಿಸಲ್ವಾ?’

ಶನಿವಾರ ರಾತ್ರಿ ಅಪ್ಪನ ಹಳೇ ಕಾರು ಓಡಿಸಿಕೊಂಡು ಬಂದೆ. ಬಹಳ ತಿಂಗಳ ಮೇಲೆ ನಾನು ಅದನ್ನು ಕತ್ತಲಲ್ಲಿ ಓಡಿಸಿದ್ದು. ಸ್ಪೀಡೋಮೀಟರ್ ಮುಳ್ಳು ಎಲ್ಲಿದೆ ಅಂತಲೇ ಗೊತ್ತಾಗಲಿಲ್ಲ. ಮನೆಗೆ ಬಂದವಳೇ, “ಅಪ್ಪ, ಮೀಟರ್ ಲೈಟು ಏನೇನೂ ಕಾಣಿಸಲ್ಲ, ಹೇಗೆ ಓಡಿಸ್ತೀರ?” ಅಂದೆ.

ಅಪ್ಪ ಪೇಪರ್ ಕೆಳಗಿಟ್ಟರು. “ನಿನಗೂ ಕಾಣಿಸಲ್ವಾ?”

ಆ ‘ನಿನಗೂ’ ಅನ್ನೋದು ಈ ವಾರವೆಲ್ಲ ಕಿವಿಯಲ್ಲೇ ಇದೆ. ಎಂಟು ತಿಂಗಳಿಂದ ಅಪ್ಪ ರಾತ್ರಿ ಕಾರು ತೆಗೆದಿರಲಿಲ್ಲ. ವಯಸ್ಸಾಯ್ತು, ಬೇಡ ಅನ್ನಿಸಿರಬೇಕು ಅಂತ ನಾವೂ ಸುಮ್ಮನಿದ್ದೆವು. ಅವರು ತಮ್ಮ ಕಣ್ಣೇ ಹೋಗ್ತಿದೆ ಅಂದುಕೊಂಡಿದ್ದರು. ಯಾರಿಗೂ ಹೇಳಿರಲಿಲ್ಲ.

ಮೆಕ್ಯಾನಿಕ್ ಹತ್ತಿರ ಒಮ್ಮೆ ಕೇಳಿದ್ದರಂತೆ. ಆತ ಹಗಲು ಬೆಳಕಲ್ಲಿ ಒಂದು ಸಲ ಬಗ್ಗಿ ನೋಡಿ, “ಲೈಟು ಉರೀತಿದೆಯಲ್ಲ ಸಾರ್, ಹಳೇ ಗಾಡಿ, ಇಷ್ಟೇ” ಅಂದನಂತೆ. ಬೇಕಿದ್ದರೆ ಎಲ್ಲ ಕಿತ್ತು ಎಲ್‌ಇಡಿ ಹಾಕ್ತೀನಿ ಅಂದನಂತೆ. ನನಗೆ ಅವನ ಮೇಲೆ ಇನ್ನೂ ಸಿಟ್ಟಿದೆ. ಗೊತ್ತಿಲ್ಲದಿದ್ದರೆ ಪರವಾಗಿಲ್ಲ. ಬಿಚ್ಚಿ ನೋಡದೆ ‘ಇಷ್ಟೇ’ ಅನ್ನಬಾರದಿತ್ತು.

ಭಾನುವಾರ ಇಬ್ಬರೂ ಕೂತೆವು. ಬಹಳ ಕಾರುಗಳಲ್ಲಿ ಟೇಲ್ ಲೈಟಿಗೂ ಮೀಟರ್ ಲೈಟಿಗೂ ಒಂದೇ ಫ್ಯೂಸ್ ಇರುತ್ತದೆ. ಹಿಂದಿನ ದೀಪ ಚೆನ್ನಾಗಿಯೇ ಉರಿಯುತ್ತಿತ್ತು. ಅಲ್ಲದೆ ಫ್ಯೂಸ್ ಹೋದರೆ ಪೂರ್ತಿ ಕತ್ತಲೆ, ಹೀಗೆ ಮಂಕಾಗುವುದಿಲ್ಲ. ಮಂಕು ಅಂದರೆ ಕರೆಂಟಿಗೆ ದಾರಿಯಲ್ಲೆಲ್ಲೋ ಅಡ್ಡಿಯಿದೆ, ಇಲ್ಲವೇ ಬಲ್ಬೇ ಹಳತಾಗಿದೆ ಅಂತ ಅರ್ಥ. ಮೀಟರ್ ಬೆಳಕು ಹೆಚ್ಚು ಕಡಿಮೆ ಮಾಡುವ ಡಿಮ್ಮರ್ ಗುಂಡಿ, ಅರ್ಥ್ ವೈರು, ಇಲ್ಲವೇ ಬಲ್ಬು.

ಡಿಮ್ಮರನ್ನು ವೈರಿನ ಸಮೇತ ಮುಂದಕ್ಕೆ ಎಳೆದು, ಪಾರ್ಕಿಂಗ್ ಲೈಟ್ ಹಾಕಿ, ವೋಲ್ಟ್ ಅಳೆಯುವ ಮಲ್ಟಿಮೀಟರ್ ಹಿಡಿದೆ. ಒಳಗೆ ಬರುವ ವೈರಿನಲ್ಲಿ 12 ವೋಲ್ಟಿಗಿಂತ ಜಾಸ್ತಿ. ಹೊರಗೆ ಹೋಗುವುದರಲ್ಲಿ ಬರೀ 7. ಗುಂಡಿ ಪೂರ್ತಿ ತಿರುಗಿಸಿದರೂ ಅಷ್ಟೇ. ಅದರೊಳಗೆ ತಂತಿಯ ಸುರುಳಿ, ಅದರ ಮೇಲೆ ಜಾರುವ ಸಣ್ಣ ತಗಡು. ವರ್ಷಗಟ್ಟಲೆ ಒಂದೇ ಕಡೆ ನಿಂತರೆ ಅಲ್ಲಿ ಕಿಲುಬು ಕಟ್ಟುತ್ತದೆ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಒಣಗಲು ಬಿಟ್ಟು, ಗುಂಡಿಯನ್ನು ಇಪ್ಪತ್ತು ಮೂವತ್ತು ಸಲ ಆಚೆ ಈಚೆ ತಿರುಗಿಸಿದೆವು. 7 ಇದ್ದದ್ದು 12ರ ಹತ್ತಿರ ಬಂತು.

ಆಮೇಲೆ ಬ್ಯಾಟರಿಯ ನೆಗೆಟಿವ್ ಬಿಚ್ಚಿ ಮೀಟರ್ ಹೊರತೆಗೆದೆವು. 1.2 ವ್ಯಾಟಿನ ಪುಟ್ಟ ಬಲ್ಬುಗಳು. ಗಾಜಿನ ಒಳಗೆಲ್ಲ ಮಸಿ ಹಿಡಿದಂತೆ ಕಪ್ಪು. ಬಲ್ಬಿನ ತಂತಿ ಉರಿದು ಉರಿದು ಸವೆದು, ಗಾಜಿಗೆ ಅಂಟಿಕೊಂಡದ್ದು ಅದು. ಉರಿಯುತ್ತಿದ್ದವು ನಿಜ. ಆದರೆ ಆ ಕಪ್ಪಿನಿಂದ ಎಷ್ಟು ಬೆಳಕು ಆಚೆ ಬರಬೇಕು? ಅದೇ ಅಳತೆಯ ಹೊಸ ಬಲ್ಬು ಹಾಕಿದೆವು. ಎಲ್‌ಇಡಿ ಬೇಡ ಅಂದೆ. ಈ ತರದ ಹಳೇ ಡಿಮ್ಮರಿನ ಮಾತನ್ನು ಅದು ಸರಿಯಾಗಿ ಕೇಳುವುದಿಲ್ಲ. ಇನ್ನೂ ಒಂದು ಕಾರಣವಿದೆ. ಬಹಳ ಹಳೇ ಕಾರುಗಳಲ್ಲಿ ಬ್ಯಾಟರಿ ಚಿತ್ರದ ಕೆಂಪು ದೀಪದ ಮೂಲಕವೇ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರಿಗೆ ಮೊದಲ ಕರೆಂಟು ಹೋಗುತ್ತದೆ. ‘ಎಲ್ಲ ಕಿತ್ತು’ ಅದಕ್ಕೂ ಎಲ್‌ಇಡಿ ಹಾಕಿದ್ದರೆ ಚಾರ್ಜಿಂಗೇ ಶುರುವಾಗದೆ ಹೋಗಬಹುದಿತ್ತು.

ಕೆಲಸ ಮಾಡುವಾಗ ಅಪ್ಪ ಜಾಸ್ತಿ ಮಾತಾಡಲಿಲ್ಲ. ಟಾರ್ಚ್ ಹಿಡಿದು ನಿಂತಿದ್ದರು. ನನಗೆ ಮಾತ್ರ ಆ ಎಂಟು ತಿಂಗಳೇ ನೆನಪಿಗೆ ಬರುತ್ತಿತ್ತು. ಮದುವೆಗೆ ಹೋಗದೆ ಉಳಿದದ್ದು, ಬಸ್ಸಿಗೆ ಹೋಗ್ತೀನಿ ಅಂದದ್ದು, ಕಣ್ಣಿನ ಡಾಕ್ಟರ ಮಾತೆತ್ತಿದರೆ ರೇಗಿದ್ದು. ಅದೆಲ್ಲ ಹಟ ಅಂದುಕೊಂಡಿದ್ದೆವು. ಹೆದರಿದ್ದರು, ಅಷ್ಟೇ. ಮನೆಯಲ್ಲಿ ಒಬ್ಬರಾದರೂ ಪಕ್ಕದ ಸೀಟಿನಲ್ಲಿ ಕೂತು ಆ ಮೀಟರ್ ಕಡೆ ನೋಡಿದ್ದರೆ ಸಾಕಿತ್ತು, ಅಲ್ವಾ?

ಕತ್ತಲಾದ ಮೇಲೆ ದೀಪ ಹಾಕಿ ನೋಡಿದರು. ಅಂಕಿಗಳನ್ನೆಲ್ಲ ಒಂದೊಂದಾಗಿ ಓದಿದರು. ಕೊನೆಗೆ ಓಡೋಮೀಟರಿನ ಸಣ್ಣ ಅಂಕಿಗಳಿಗೆ ಬಂದಾಗ ಎರಡು ಸಲ ತಡೆದರು.

“ಬುಧವಾರ ಡಾಕ್ಟರ ಹತ್ತಿರ ಹೋಗೋಣ್ವಾ ಅಪ್ಪ?” ಅಂದೆ.

ಈ ಸಲ ರೇಗಲಿಲ್ಲ. “ನಾನೇ ಓಡಿಸ್ತೀನಿ” ಅಂದರು.