ಮಲೆನಾಡಿನ ಹಸಿರು ಬೆರೆಸುವುದು ಹೇಗೆ?

ಜಲವರ್ಣದಲ್ಲಿ ನಾನು ಬರೆದ ಮಳೆಗಾಲದ ಚಿತ್ರಗಳನ್ನು ನೋಡಿದವರು ಮೊದಲು ಕೇಳುವುದು, "ಈ ಹಸಿರು ಯಾವ ಟ್ಯೂಬು?" ಅಂತ. ಟ್ಯೂಬಲ್ಲ, ಬೆರೆಸಿದ್ದು ಅಂದ ಕೂಡಲೇ ಮುಂದಿನ ಪ್ರಶ್ನೆ ಬರುತ್ತದೆ: "ಹಾಗಾದ್ರೆ ನಾವು ನೀಲಿ, ಹಳದಿ ಬೆರೆಸಿದ್ರೆ ಯಾಕೆ ಕೆಸರಾಗುತ್ತೆ?"

ಅದಕ್ಕೆ ಕಾರಣ ಕೆಂಪು. ನೀಲಿಗೆ ಹಳದಿ ಸೇರಿದರೆ ಹಸಿರು ಎಂದು ಶಾಲೆಯಲ್ಲಿ ಎಲ್ಲರೂ ಕಲಿತಿದ್ದೇವೆ. ಯಾವ ನೀಲಿ, ಯಾವ ಹಳದಿ ಅನ್ನುವುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಅಲ್ಟ್ರಾಮರೀನ್ ನೇರಳೆ ಕಡೆಗೆ ವಾಲಿದ ನೀಲಿ. ಅದರಲ್ಲಿ ಒಂದಿಷ್ಟು ಕೆಂಪು ಅಡಗಿರುತ್ತದೆ. ಕಿತ್ತಳೆಯತ್ತ ವಾಲುವ ಕ್ಯಾಡ್ಮಿಯಂ ಯೆಲ್ಲೋದಲ್ಲೂ ಕೆಂಪಿದೆ. ಹಸಿರಿಗೆ ಎದುರು ಬಣ್ಣವೇ ಕೆಂಪು, ಹಾಗಾಗಿ ಇವೆರಡು ಸೇರಿದಾಗ ಹುಟ್ಟುವ ಹಸಿರು ಹುಟ್ಟುತ್ತಲೇ ಮಂಕಾಗುತ್ತದೆ. ಹಸಿರಿನತ್ತ ವಾಲಿದ ನೀಲಿಯಾದ ಥ್ಯಾಲೋ ಬ್ಲೂ ಹಾಗಲ್ಲ, ಅದು ಕೆಂಪು ಬೆಳಕನ್ನು ಹೆಚ್ಚುಕಮ್ಮಿ ಪೂರ್ತಿ ನುಂಗಿಬಿಡುತ್ತದೆ. ಅದಕ್ಕೆ ಲೆಮನ್ ಯೆಲ್ಲೋ ಜೊತೆಯಾದರೆ ಕಣ್ಣು ಕುಕ್ಕುವ ಹಸಿರು.

ಹಾಗಂತ ಮಂಕು ಹಸಿರು ಕೆಟ್ಟದ್ದಲ್ಲ. ನಿಜ ಹೇಳಬೇಕೆಂದರೆ ನನಗೆ ಹೆಚ್ಚು ಬೇಕಾಗುವುದು ಅದೇ. ತೀರ್ಥಹಳ್ಳಿ ಕಡೆ ಆಷಾಢದಲ್ಲಿ ಗದ್ದೆ ಬದುವಿನ ಮೇಲೆ ನಿಂತರೆ ಎದುರಿಗಿರುವ ಹಸಿರುಗಳಲ್ಲಿ ಒಂದರ ಹಾಗೆ ಇನ್ನೊಂದು ಇರುವುದಿಲ್ಲ. ಸಸಿಮಡಿಯದು ಹಳದಿ ತುಂಬಿದ ಎಳೆ ಹಸಿರು. ಅದಕ್ಕೆ ಲೆಮನ್ ಯೆಲ್ಲೋವನ್ನು ಧಾರಾಳ ನೀರಿನಲ್ಲಿ ಕದಡಿಕೊಂಡು, ಥ್ಯಾಲೋ ಬ್ಲೂವನ್ನು ಕುಂಚದ ತುದಿಗಷ್ಟೇ ತಾಗಿಸಿ ಸೇರಿಸುತ್ತೇನೆ. ಯಾವಾಗಲೂ ಹಳದಿಗೆ ನೀಲಿ ಹಾಕಬೇಕು, ನೀಲಿಗೆ ಹಳದಿಯಲ್ಲ. ಥ್ಯಾಲೋ ಹಾಲಿಗೆ ಹಾಕುವ ಹೆಪ್ಪಿನ ಹಾಗೆ, ಒಂದು ಹನಿ ಸಾಕು. ಗದ್ದೆಯಾಚೆಯ ಅಡಿಕೆ ಸೋಗೆಗೆ ಅಲ್ಟ್ರಾಮರೀನ್ ಮತ್ತು ಕ್ಯಾಡ್ಮಿಯಂ ಯೆಲ್ಲೋ. ಹಲಸಿನ ಮರದೊಳಗಿನ ಕತ್ತಲಿಗೆ ಕಪ್ಪು ಟ್ಯೂಬು ಮುಟ್ಟುವುದಿಲ್ಲ. ಥ್ಯಾಲೋ ಗ್ರೀನಿಗೆ ಅಲಿಜರಿನ್ ಕ್ರಿಮ್ಸನ್ ಎಂಬ ಗಾಢ ಕೆಂಪು ಸೇರಿಸಿದರೆ ಕಪ್ಪಿನ ಅಂಚಿಗೆ ಬಂದರೂ ಸತ್ತುಹೋಗದ ಗಾಢ ಬಣ್ಣ ಸಿಗುತ್ತದೆ. ದೂರದ ಗುಡ್ಡಕ್ಕೆ ಹಸಿರೇ ಬೇಡ. ಅಲ್ಟ್ರಾಮರೀನ್, ಚೂರು ಬರ್ನ್ಟ್ ಸಿಯೆನಾ (ಕೆಂಪು ಮಿಶ್ರಿತ ಕಂದು), ಬೇಕಾದಷ್ಟು ನೀರು.

ಕೆಸರಾಗಲು ಇನ್ನೊಂದು ಕಾರಣವೂ ಇದೆ, ಅದು ಟ್ಯೂಬಿನ ಮೇಲೇ ಸಣ್ಣ ಅಕ್ಷರದಲ್ಲಿ ಇರುತ್ತದೆ. ಪಿಬಿ ಅಂದರೆ ಪಿಗ್ಮೆಂಟ್ ಬ್ಲೂ, ನೀಲಿ ಬಣ್ಣ ಕೊಡುವ ಪುಡಿ. ಪಿಬಿ 29 ಅಂದರೆ ಅಲ್ಟ್ರಾಮರೀನ್, ಪಿಬಿ 15 ಅಂದರೆ ಥ್ಯಾಲೋ ಬ್ಲೂ: ಒಂದು ಸಂಖ್ಯೆ, ಒಂದೇ ಪಿಗ್ಮೆಂಟ್. ಈಗ ಸಿಗುವ ಸ್ಯಾಪ್ ಗ್ರೀನ್ ಟ್ಯೂಬಿನಲ್ಲಿ ಸಾಮಾನ್ಯವಾಗಿ ಎರಡೋ ಮೂರೋ ಪಿಗ್ಮೆಂಟ್ ಇರುತ್ತವೆ. ಅದಕ್ಕೆ ನೀವು ಇನ್ನೆರಡು ಬಣ್ಣ ಸೇರಿಸಿದರೆ ನಾಲ್ಕೋ ಐದೋ ಆದವು. ಪ್ರತಿಯೊಂದೂ ತನ್ನ ಪಾಲಿನ ಬೆಳಕನ್ನು ನುಂಗುತ್ತದೆ, ಕಾಗದದ ಬಿಳುಪಿಗೆ ಹೊರಬರಲು ದಾರಿ ಇರುವುದಿಲ್ಲ. ಒಂದು ಮಿಶ್ರಣಕ್ಕೆ ಮೂರು ಪಿಗ್ಮೆಂಟ್ ಮೀರದಿದ್ದರೆ ಒಳ್ಳೆಯದು. ಕುಂಚ ತೊಳೆಯಲು ಒಂದು ಲೋಟ, ಬಣ್ಣಕ್ಕೆ ಶುದ್ಧ ನೀರು ತೆಗೆದುಕೊಳ್ಳಲು ಇನ್ನೊಂದು ಇರಲಿ.

ಮುಖ್ಯವಾದದ್ದು, ಎಲ್ಲವನ್ನೂ ಬಣ್ಣ ಬೆರೆಸುವ ತಟ್ಟೆಯಲ್ಲೇ, ಅಂದರೆ ಪ್ಯಾಲೆಟ್ಟಿನಲ್ಲೇ, ತಿರುವಿ ಮುಗಿಸಬೇಡಿ. ಒರಟು ಮೈಯ, 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ಕಾಗದದ ಮೇಲೆ ಹಳದಿ ಎಳೆಯಿರಿ. ಅದು ಹಸಿಯಾಗಿ ಹೊಳೆಯುತ್ತಿರುವಾಗಲೇ ಅಲ್ಟ್ರಾಮರೀನ್ ತಾಗಿಸಿ, ಕುಂಚ ಎತ್ತಿಬಿಡಿ. ಅಲ್ಟ್ರಾಮರೀನಿನ ಕಣಗಳು ಕಾಗದದ ಗುಳಿಗಳಲ್ಲಿ ಕೂರುತ್ತವೆ, ಹಳದಿ ಉಬ್ಬುಗಳ ಮೇಲೆ ಉಳಿಯುತ್ತದೆ. ಹತ್ತಿರದಿಂದ ನೋಡಿದರೆ ನೀಲಿ ಚುಕ್ಕಿ, ಹಳದಿ ಚುಕ್ಕಿ. ತುಸು ದೂರ ಸರಿದರೆ ಹಸಿರು. ಪ್ಯಾಲೆಟ್ಟಿನಲ್ಲಿ ಎಷ್ಟು ತಿರುವಿದರೂ ಈ ಹಸಿರು ಬರುವುದಿಲ್ಲ. ಕಾಗದದ ಹೊಳಪು ಹೋಗಿ ತೇವವಷ್ಟೇ ಉಳಿದ ಮೇಲೆ ಮಾತ್ರ ಕೈ ಹಾಕಬೇಡಿ, ಆಗ ಬಿದ್ದ ನೀರು ಬಣ್ಣವನ್ನು ಅಂಚಿಗೆ ತಳ್ಳಿ ಹೂಕೋಸಿನಂಥ ಕಲೆ ಮಾಡುತ್ತದೆ. ಮಳೆಗಾಲದಲ್ಲಿ ಕಾಗದ ಒಣಗುವುದು ನಿಧಾನ, ಹಾಗಾಗಿ ಈ ಕೆಲಸಕ್ಕೆ ಸಮಯ ಹೆಚ್ಚು ಸಿಗುತ್ತದೆ. ಜಲವರ್ಣ ಒಣಗಿದಾಗ ತಿಳಿಯಾಗುವುದರಿಂದ, ಹಸಿಯಿದ್ದಾಗ ಬೇಕಾದ್ದಕ್ಕಿಂತ ತುಸು ಗಾಢವಾಗಿಯೇ ಹಾಕಿ.

ಮನೆಯಲ್ಲಿರುವ ಸ್ಯಾಪ್ ಗ್ರೀನನ್ನು ಏನು ಮಾಡುವುದು ಅಂತಲೂ ಕೇಳುತ್ತಾರೆ. ಬಿಸಾಡಬೇಡಿ. ಬರ್ನ್ಟ್ ಸಿಯೆನಾ ಒಂದನ್ನೇ ಅದಕ್ಕೆ ಸ್ವಲ್ಪ ಸ್ವಲ್ಪವಾಗಿ ಸೇರಿಸುತ್ತಾ ಹೋಗಿ, ಬಾಡಲು ಶುರುವಾದ ಸೋಗೆಯ ಬಣ್ಣ ಸಿಗುತ್ತದೆ.