ನಾಳೆ ಶಾಸಕರ ಭೇಟಿ

ನಾಳೆ ಮಕ್ಕಳ ಮನಸ್ಸಿನ ಕಷ್ಟ ಕೇಳಿ ಸಲಹೆ ಕೊಡುವ ಶಾಲಾ ಕೌನ್ಸಿಲರ್‌ಗಳು ಕೆಲವರು ಸೇರಿ ಶಾಸಕರಿಗೆ ಮನವಿ ಕೊಡುತ್ತಿದ್ದೇವೆ. ನಮ್ಮ ಗುತ್ತಿಗೆ ಕೆಲಸಕ್ಕೆ ಭದ್ರತೆ ಬೇಕು, ನಿಜ. ಆದರೆ ಅದಕ್ಕಿಂತ ಜಾಸ್ತಿ ಬೇಕಾಗಿರುವುದು ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳಿಗೆ ಕನ್ನಡ, ತುಳು ಬಲ್ಲ ಕೌನ್ಸಿಲರ್‌ಗಳು. ಪರೀಕ್ಷೆಗೆ ಮಲಯಾಳಂ ಕಲಿತ ಮಗು ಮನೆಯ ಜಗಳವನ್ನು ಮಲಯಾಳದಲ್ಲಿ ಹೇಳುತ್ತದಾ? ಮಾತಾಡಲು ಒಂದು ಕೋಣೆಯೂ ಬೇಕು. ಲ್ಯಾಬಿನ ಮೂಲೆಯ ಬೆಂಚಲ್ಲಿ ಕೂತು ಮಾತಾಡುವಾಗ ಯಾರಾದರೂ ಚಾಕ್‌ಪೀಸ್ ಹುಡುಕಿಕೊಂಡು ಬಂದರೆ ಮುಗಿಯಿತು, ಮಗು ಅರ್ಧಕ್ಕೇ ಬಾಯಿ ಮುಚ್ಚುತ್ತದೆ. ಇದನ್ನೆಲ್ಲ ನಾವಲ್ಲದೆ ಯಾರು ಹೇಳಬೇಕು? ಅಮೆರಿಕದ ಶಾಲಾ ಕೌನ್ಸಿಲರ್‌ಗಳ ಸಂಘ 250 ಮಕ್ಕಳಿಗೆ ಒಬ್ಬರು ಇರಬೇಕು ಎನ್ನುತ್ತದೆ. ಆ ಲೆಕ್ಕವನ್ನೂ ಮನವಿಯಲ್ಲಿ ಬರೆದಿದ್ದೇವೆ. ಮಂಜೇಶ್ವರ, ಕುಂಬಳೆ ಕಡೆಯ ಮಾಸ್ಟ್ರು, ಟೀಚರ್‌ಗಳು ಸಹಿ ಹಾಕುವುದಿದ್ದರೆ ಇವತ್ತು ರಾತ್ರಿಯೊಳಗೆ ತಿಳಿಸಿ.